ಕ್ಯೂಬಿಕಲ್ಲೋ, ಮನೆಯ ಮೇಜೋ: ನಿರ್ಧರಿಸುವ ಮೊದಲು

ಕೆಲಸ ಎಲ್ಲೋ ಸಿಕ್ಕಿಕೊಂಡು ಮುಂದೆ ಸಾಗದೆ ನಿಂತಾಗ ನಿಮ್ಮನ್ನು ಬಿಡಿಸುವುದು ಏನು? ಪಕ್ಕದ ಕುರ್ಚಿಯವರೊಂದಿಗೆ ಆಡಿದ ಐದು ನಿಮಿಷದ ಮಾತೋ, ಯಾರೂ ಕರೆಯದ ಎರಡು ಗಂಟೆಯ ನಿಶ್ಶಬ್ದವೋ?

ಮನೆಯಿಂದ ಕೆಲಸ ಮಾಡಲೋ ಆಫೀಸಿಗೆ ಹೋಗಲೋ ಎಂದು ಯಾರು ಕೇಳಿದರೂ ನಾನು ಮೊದಲು ಕೇಳುವುದು ಇದನ್ನೇ. ಹೋಗಿಬರುವ ದಣಿವು, ಮನೆಯವರ ಜೊತೆ ಸಿಗುವ ಹೊತ್ತು, ಹಿರಿಯರ ಆರೈಕೆ ಎಲ್ಲವೂ ಮುಖ್ಯವೇ. ಆದರೆ ಅವು ಕೆಲಸದ ಸುತ್ತಲಿನ ಸಂಗತಿಗಳು. ಒಂಬತ್ತು ವರ್ಷ ಆಫೀಸಿನ ಕ್ಯೂಬಿಕಲ್‌ನಲ್ಲಿ (ಮೂರು ಕಡೆ ಗಿಡ್ಡ ಗೋಡೆಯಿರುವ ಕೂರುವ ಜಾಗ), ನಾಲ್ಕು ವರ್ಷ ಮನೆಯಲ್ಲಿ ಕೂತು ತಂತ್ರಾಂಶದ ಕೆಲಸ ಮಾಡಿದ ಮೇಲೆ ನನಗೆ ಅನ್ನಿಸಿದ್ದೆಂದರೆ, ಜನ ಸುತ್ತಲಿನ ಸಂಗತಿಗಳನ್ನು ನೋಡಿ ಆರಿಸುತ್ತಾರೆ, ಆಮೇಲೆ ಒಳಗಿನ ಸಂಗತಿಯಿಂದಾಗಿ ಬಳಲುತ್ತಾರೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಕ್ಯೂಬಿಕಲ್‌ನಲ್ಲಿದ್ದವರಿಗೆ ಮನೆ, ಮನೆಯಲ್ಲಿದ್ದವರಿಗೆ ಕ್ಯೂಬಿಕಲ್ ಹಾಗೆಯೇ ಕಾಣುತ್ತದೆ.

ಆ ಪ್ರಶ್ನೆಗೆ ನಿಮ್ಮ ಉತ್ತರವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದೆ ಓದಿ.

ಮೂರು ಗೋಡೆಯ ಜಾಗ

ಕ್ಯೂಬಿಕಲ್ ಹುಟ್ಟಿದ್ದು ಜನರನ್ನು ಕೂಡಿಹಾಕಲಿಕ್ಕಲ್ಲ. ಅಮೆರಿಕದ ಹರ್ಮನ್ ಮಿಲ್ಲರ್ ಎಂಬ ಪೀಠೋಪಕರಣ ಕಂಪನಿಯಲ್ಲಿದ್ದ ರಾಬರ್ಟ್ ಪ್ರಾಪ್ಸ್ಟ್, ಸಾಲುಸಾಲಾಗಿ ಮೇಜು ಹಾಕಿ ಜನರನ್ನು ಕೂರಿಸುತ್ತಿದ್ದ ಅಂದಿನ ಆಫೀಸುಗಳನ್ನು ನೋಡಿ, ಯೋಚಿಸುವವರಿಗೆ ಒಂದು ಮರೆ ಬೇಕು, ಎದ್ದು ನಿಂತು ಓಡಾಡಲು ಜಾಗವೂ ಬೇಕು ಎಂದು ಹೊರಟವರು. 1964ರಲ್ಲಿ ಬಂದ ಅವರ ‘ಆ್ಯಕ್ಷನ್ ಆಫೀಸ್’ ಎಂಬ ಪೀಠೋಪಕರಣ ವ್ಯವಸ್ಥೆ ಹೆಚ್ಚು ಮಾರಾಟವಾಗಲಿಲ್ಲ. 1968ರಲ್ಲಿ ಬಂದ ಎರಡನೆಯ ರೂಪ ಜಗತ್ತನ್ನೇ ಆವರಿಸಿತು. ಪ್ರಾಪ್ಸ್ಟ್ ಕಲ್ಪನೆಯಲ್ಲಿ ಅದರ ಮರೆಹಲಗೆಗಳು 120 ಡಿಗ್ರಿ ಕೋನದಲ್ಲಿ ಅಗಲವಾಗಿ ತೆರೆದುಕೊಳ್ಳುತ್ತಿದ್ದವು. ಕೊಂಡ ಕಂಪನಿಗಳು ಅವನ್ನು 90 ಡಿಗ್ರಿಗೆ ಮಡಿಸಿ, ಅಷ್ಟೇ ಜಾಗದಲ್ಲಿ ಹೆಚ್ಚು ಜನರನ್ನು ಕೂರಿಸಿದವು. ತಾನು ಹುಟ್ಟುಹಾಕಿದ್ದು ಹೀಗಾಯಿತಲ್ಲ ಎಂದು ಪ್ರಾಪ್ಸ್ಟ್ ಕೊನೆಗಾಲದಲ್ಲಿ ಕಟುವಾಗಿಯೇ ಖಂಡಿಸಿದರು.

ಈ ಕಥೆ ಹೇಳಲು ಕಾರಣವಿದೆ. ಕ್ಯೂಬಿಕಲ್‌ನ ಗೋಡೆ ಕಣ್ಣನ್ನು ತಡೆಯುತ್ತದೆ, ಕಿವಿಯನ್ನು ತಡೆಯುವುದಿಲ್ಲ. ಆಚೆಯವರ ಮುಖ ಕಾಣುವುದಿಲ್ಲ, ಅವರ ಫೋನ್ ಮಾತು ಪೂರ್ತಿ ಕೇಳುತ್ತದೆ. ಎದುರಿಗಿದ್ದವರು ನೀವು ಕೆಲಸದಲ್ಲಿ ಮುಳುಗಿದ್ದೀರಿ ಎಂದು ಕಂಡಾದರೂ ದನಿ ತಗ್ಗಿಸುತ್ತಾರೆ. ಗೋಡೆ ಇದ್ದರೆ ಆ ಸೂಚನೆಯೂ ಇಲ್ಲ. ಆದ್ದರಿಂದ ‘ಆಫೀಸಿನಲ್ಲಿ ಏಕಾಗ್ರತೆ ಇರುತ್ತದೆ, ಮನೆಯಲ್ಲಿ ಇರುವುದಿಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಿಮಗೆ ಸಿಗುವ ಜಾಗ ಯಾವುದು, ದಾರಿಯ ಪಕ್ಕದ್ದೋ ಮೂಲೆಯದ್ದೋ, ಪಕ್ಕದ ತಂಡ ದಿನವಿಡೀ ಗ್ರಾಹಕರ ಜೊತೆ ಮಾತಾಡುವಂಥದ್ದೋ ಎಂದು ನೋಡದೆ ಆಫೀಸಿನ ಬಗ್ಗೆ ಏನೂ ಹೇಳಲಾಗದು. ಕೆಲಸಕ್ಕೆ ಸೇರುವ ಮೊದಲು ‘ನಾನು ಕೂರುವ ಜಾಗ ನೋಡಬಹುದೇ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಹಾಗಾದರೆ ಗೋಡೆಗಳನ್ನೇ ಕಿತ್ತುಹಾಕಿದರೆ ಜನ ಚೆನ್ನಾಗಿ ಮಾತಾಡಿಕೊಳ್ಳುತ್ತಾರೆಯೇ? ಅದೂ ಇಲ್ಲ. ಹಾರ್ವರ್ಡ್‌ನ ಈಥನ್ ಬರ್ನ್‌ಸ್ಟೀನ್ ಮತ್ತು ಸ್ಟೀಫನ್ ಟರ್ಬನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಕಂಪನಿಗಳು ಗೋಡೆ ತೆಗೆದು ಪೂರ್ತಿ ತೆರೆದ ಆಫೀಸಿಗೆ ಬದಲಾದಾಗ ಮುಖಾಮುಖಿ ಮಾತು ಸುಮಾರು 70% ಕುಸಿಯಿತು, ಇಮೇಲ್ ಹೆಚ್ಚಿತು. ಎಲ್ಲರೂ ಎಲ್ಲರನ್ನೂ ನೋಡುತ್ತಿರುವಾಗ ಜನ ಹೆಡ್‌ಫೋನ್ ಹಾಕಿಕೊಂಡು ತಮ್ಮೊಳಗೇ ಸೇರಿಕೊಳ್ಳುತ್ತಾರೆ. ಒಂದೇ ಸೂರಿನಡಿ ಇದ್ದ ಮಾತ್ರಕ್ಕೆ ಜೊತೆಗಿದ್ದಂತಲ್ಲ.

ಹೊಸಬರಾಗಿದ್ದರೆ

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಕೆಲಸಕ್ಕೆ ಹೊಸಬರಾಗಿದ್ದರೆ, ಮೊದಲ ಒಂದೆರಡು ವರ್ಷ ನಿಮಗೆ ಕಲಿಸಬಲ್ಲವರು ಕೂರುವ ಆಫೀಸು ಇದ್ದರೆ, ಅಲ್ಲಿಗೆ ಹೋಗಿ.

ನಾನು ಕೆಲಸ ಕಲಿತದ್ದು ತರಬೇತಿಯಲ್ಲಲ್ಲ. ನನ್ನ ಬೆನ್ನ ಹಿಂದಿನ ಕ್ಯೂಬಿಕಲ್‌ನಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಕೂರುತ್ತಿದ್ದರು. ಅವರು ಫೋನಿನಲ್ಲಿ ಕೋಪಗೊಂಡ ಗ್ರಾಹಕರನ್ನು ಸಮಾಧಾನ ಮಾಡುವ ರೀತಿ, ‘ಇದು ನನಗೆ ಗೊತ್ತಿಲ್ಲ, ನಾಳೆ ಹೇಳುತ್ತೇನೆ’ ಎಂದು ಅಳುಕಿಲ್ಲದೆ ಹೇಳುವ ರೀತಿ, ಅಂದಾಜು ಕೊಡುವಾಗ ಮೊದಲು ಕೇಳುವ ಪ್ರಶ್ನೆಗಳು, ಎಲ್ಲವೂ ನನ್ನ ಕಿವಿಗೆ ತಾನಾಗಿ ಬೀಳುತ್ತಿತ್ತು. ಅವರು ನನಗೆ ಏನನ್ನೂ ಕೂತು ಕಲಿಸಲಿಲ್ಲ. ಕಿವಿಯನ್ನು ತಡೆಯದ ಅದೇ ಗೋಡೆ ಆಗ ನನಗೆ ಶಾಲೆಯಾಗಿತ್ತು. ಮನೆಯಲ್ಲಿ ಕೂತವರಿಗೆ ತಮಗೆಂದು ಹೇಳಿದ್ದಷ್ಟೇ ತಲುಪುತ್ತದೆ. ಬೇರೆಯವರಿಗೆ ಹೇಳಿದ್ದು ಕಿವಿಗೆ ಬೀಳುವುದಿಲ್ಲ.

ದೂರದ ಪರಿಣಾಮವನ್ನು ಅಳೆದವರೂ ಇದ್ದಾರೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಆ್ಯಲೆನ್ 1970ರ ದಶಕದಲ್ಲೇ ಎಂಜಿನಿಯರ್‌ಗಳ ನಡುವಿನ ಮಾತುಕತೆಯನ್ನು ಅವರ ಮೇಜುಗಳ ದೂರದ ಜೊತೆ ಹೋಲಿಸಿ ನೋಡಿದರು. ದೂರ ಹೆಚ್ಚಿದಂತೆ ಮಾತು ಥಟ್ಟನೆ ಇಳಿಯುತ್ತದೆ. ಸುಮಾರು 50 ಮೀಟರ್ ಆಚೆ ಕೂತವರು ಬೇರೆ ಕಟ್ಟಡದಲ್ಲಿ ಕೂತವರಷ್ಟೇ ದೂರ. ಇತ್ತೀಚೆಗೆ ನಟಾಲಿಯಾ ಇಮ್ಯಾನುಯೆಲ್, ಎಮ್ಮಾ ಹ್ಯಾರಿಂಗ್ಟನ್, ಅಮಾಂಡಾ ಪಲೈಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ದೊಡ್ಡ ಕಂಪನಿಯೊಂದರ ತಂತ್ರಾಂಶ ಎಂಜಿನಿಯರ್‌ಗಳನ್ನು ಗಮನಿಸಿದಾಗ ಕಂಡದ್ದೂ ಇದೇ ದಾರಿಯದು. ತಂಡದವರ ಹತ್ತಿರ ಕೂತವರಿಗೆ ತಮ್ಮ ಕೋಡ್ ಬಗ್ಗೆ ಹೆಚ್ಚು ಸಲಹೆಗಳು ಸಿಗುತ್ತಿದ್ದವು, ಅದರಲ್ಲೂ ಹೊಸಬರಿಗೆ. ಆದರೆ ಸಲಹೆ ಕೊಡುವ ಹಿರಿಯರ ಸ್ವಂತ ಕೆಲಸ ಅಷ್ಟರಮಟ್ಟಿಗೆ ಕಡಿಮೆಯಾಗುತ್ತಿತ್ತು.

ಈ ಕೊನೆಯ ಮಾತು ಗಮನಿಸಿ. ಆಫೀಸಿನಲ್ಲಿ ಕಿರಿಯರಿಗೆ ಸಿಗುವುದು ಹಿರಿಯರ ಸಮಯದಿಂದಲೇ ಬರಬೇಕು. ಅದಕ್ಕೇ ಒಂದೇ ತಂಡದಲ್ಲಿ ಕಿರಿಯರಿಗೆ ಆಫೀಸು, ಹಿರಿಯರಿಗೆ ಮನೆ ಹಿತವೆನಿಸುವುದು. ನೀವು ಹಿರಿಯರಾಗಿದ್ದು ಮನೆಯನ್ನು ಆರಿಸುವುದಾದರೆ, ಪಕ್ಕದಲ್ಲಿದ್ದಿದ್ದರೆ ತಾನಾಗಿ ಹಂಚಿಹೋಗುತ್ತಿದ್ದದ್ದನ್ನು ಇನ್ನು ಮುಂದೆ ನೆನಪಿಟ್ಟು ಕೊಡಬೇಕಾಗುತ್ತದೆ. ಕಿರಿಯರೊಂದಿಗೆ ದಿನಕ್ಕೆ ಅರ್ಧ ಗಂಟೆ ಯಾವ ಕಾರ್ಯಸೂಚಿಯೂ ಇಲ್ಲದ ಕರೆಯಲ್ಲಿ ಸುಮ್ಮನೆ ಒಟ್ಟಿಗೆ ಕೆಲಸ ಮಾಡಿ. ಪರದೆ ಹಂಚಿಕೊಂಡು, ಯೋಚಿಸುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಾ ಮಾಡಿ. ನಮಗೂ ಯಾರೋ ಕೊಟ್ಟಿದ್ದಾರೆ, ಅದನ್ನು ನಾವು ಮುಂದಿನವರಿಗೆ ಕೊಡಬೇಕು.

ಮನೆಯಲ್ಲಿ ಮುಚ್ಚುವ ಬಾಗಿಲು ಇದೆಯೇ

ಮನೆಯ ಪರವಾಗಿ ಎಲ್ಲರೂ ಎತ್ತಿಹೇಳುವ ಪ್ರಯೋಗ ಚೀನಾದ ಪ್ರಯಾಣ ಸೇವೆಯ ಕಂಪನಿ ಸಿಟ್ರಿಪ್‌ನದು. ಸ್ಟ್ಯಾನ್‌ಫರ್ಡ್‌ನ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು 2010ರ ಕೊನೆಯಿಂದ ಒಂಬತ್ತು ತಿಂಗಳು ಶಾಂಘೈನ ಕಾಲ್ ಸೆಂಟರ್ ನೌಕರರಲ್ಲಿ ಇದನ್ನು ನಡೆಸಿದರು. ತಾವಾಗಿ ಮುಂದೆ ಬಂದವರಲ್ಲಿ ಅರ್ಹರಾದ 249 ಜನರನ್ನು ಹುಟ್ಟಿದ ತಾರೀಖು ಸಮವೋ ಬೆಸವೋ ಎಂಬುದರ ಮೇಲೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೆ ನಾಲ್ಕು ದಿನ ಮನೆಯಿಂದ ಕೆಲಸ ಕೊಟ್ಟರು. ಮನೆಯಲ್ಲಿದ್ದವರ ಕೆಲಸ 13% ಹೆಚ್ಚಿತು. ಕೆಲಸ ಬಿಟ್ಟುಹೋಗುವವರ ಪ್ರಮಾಣ ಅರ್ಧಕ್ಕೆ ಇಳಿಯಿತು.

ಆದರೆ ‘ಅರ್ಹರು’ ಎಂಬ ಪದದೊಳಗೆ ಏನಿತ್ತು? ಕಂಪನಿಯಲ್ಲಿ ಕನಿಷ್ಠ ಆರು ತಿಂಗಳು ಕೆಲಸ ಮಾಡಿರಬೇಕು, ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇರಬೇಕು, ಕೆಲಸದ ಹೊತ್ತಿನಲ್ಲಿ ಬೇರೆ ಯಾರೂ ಇರದ ಪ್ರತ್ಯೇಕ ಕೋಣೆ ಇರಬೇಕು. ಅಂದರೆ ಆ 13% ಬಂದದ್ದು ಬಾಗಿಲು ಮುಚ್ಚಿಕೊಳ್ಳಬಲ್ಲವರಿಂದ. ಆ ಹೆಚ್ಚಳದ ಬಹುಪಾಲು ಅವರು ಹೆಚ್ಚು ಹೊತ್ತು ಕೆಲಸದಲ್ಲಿದ್ದುದರಿಂದ, ಅಂದರೆ ವಿರಾಮ ಮತ್ತು ಅನಾರೋಗ್ಯದ ರಜೆ ಕಡಿಮೆಯಾದದ್ದರಿಂದ ಬಂತು. ನಿಮಿಷಕ್ಕೆ ತೆಗೆದುಕೊಂಡ ಕರೆಗಳು ಹೆಚ್ಚಿದ್ದು 4% ಮಾತ್ರ, ಅದಕ್ಕೆ ಕಾರಣ ಮನೆಯ ನಿಶ್ಶಬ್ದ.

ಬಾಗಿಲಿಲ್ಲದ ಮನೆಯಲ್ಲಿ ಕೆಲಸ ಮಾಡುವವರ ಕಷ್ಟ ನನಗೆ ಗೊತ್ತು. ಮೊದಲ ಆರು ತಿಂಗಳು ನಾನೂ ನಡುಮನೆಯ ಮೂಲೆಯಲ್ಲಿ ಕೂತೆ. ಕಣ್ಣೆದುರು ಇದ್ದೀರಿ ಎಂದಮೇಲೆ ಮನೆಯವರಿಗೆ ನೀವು ಮನೆಯಲ್ಲಿದ್ದೀರಿ, ಅಷ್ಟೇ. ಅದರಲ್ಲಿ ಅವರ ತಪ್ಪಿಲ್ಲ. ಮಗು ಬಂದು ಮಡಿಲಲ್ಲಿ ಕೂರುವುದನ್ನು ತಪ್ಪೆನ್ನಲು ಸಾಧ್ಯವೇ? ಹೆಣ್ಣುಮಕ್ಕಳಿಗಂತೂ ಇದು ಇನ್ನೂ ಭಾರ. ಮನೆಯಲ್ಲೇ ಇದ್ದೀಯಲ್ಲ ಎಂಬ ಒಂದು ಮಾತಿನೊಂದಿಗೆ ಎರಡು ಪಾಳಿಯ ಕೆಲಸ ಒಂದರ ಮೇಲೊಂದು ಬಂದು ಬೀಳುತ್ತದೆ. ಅಂಥ ಮನೆಗಳಿಂದ ಬಂದ ಎಷ್ಟೋ ಜನರಿಗೆ ಕ್ಯೂಬಿಕಲ್‌ನ ಮೂರು ಗೋಡೆಯೇ ದಿನದಲ್ಲಿ ತಮ್ಮದು ಎನ್ನಬಹುದಾದ ಏಕೈಕ ಜಾಗ. ಇದನ್ನು ಯಾರೂ ಹಗುರವಾಗಿ ಕಾಣಬಾರದು.

ಪ್ರತ್ಯೇಕ ಕೋಣೆ ಇಲ್ಲದಿದ್ದರೆ ಸಮಯದ ಬಾಗಿಲನ್ನಾದರೂ ಹಾಕಿಕೊಳ್ಳಬೇಕು. ಬೆಳಿಗ್ಗೆ ಇಷ್ಟರಿಂದ ಇಷ್ಟರವರೆಗೆ ನನ್ನನ್ನು ಕರೆಯಬೇಡಿ ಎಂದು ಮನೆಯಲ್ಲಿ ಕೂತು ಮಾತಾಡಿ ಒಪ್ಪಿಸಿಕೊಂಡ ಎರಡು ಮೂರು ಗಂಟೆ. ದಿನವಿಡೀ ಕರೆಯಬೇಡಿ ಎಂದರೆ ಯಾರೂ ಪಾಲಿಸಲಾರರು. ಎರಡು ಗಂಟೆ ಎಂದರೆ ಪಾಲಿಸುತ್ತಾರೆ. ಅದೂ ಸಿಗದ ಮನೆಯಾದರೆ ಆಫೀಸನ್ನೇ ಆರಿಸಿ.

ಮೈಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕ್ಯೂಬಿಕಲ್‌ನಲ್ಲಿ ಎತ್ತರ ಬದಲಿಸಬಲ್ಲ ಕುರ್ಚಿಯಾದರೂ ಇರುತ್ತದೆ. ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕುತ್ತಿಗೆ ಬಗ್ಗಿಸಿ ವರ್ಷ ಕಳೆದರೆ ನೋವು ಬರದೇ ಇರದು. ಲ್ಯಾಪ್‌ಟಾಪಿನಲ್ಲಿ ಪರದೆ ಮತ್ತು ಕೀಲಿಮಣೆ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಎರಡೂ ಸರಿಯಾದ ಎತ್ತರಕ್ಕೆ ಬರಲಾರವು. ಬೇರೆ ಕೀಲಿಮಣೆ ತಂದು, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಅಡಿಯಲ್ಲಿ ದಪ್ಪ ಪುಸ್ತಕಗಳನ್ನಿಟ್ಟರೂ ಸಾಕು. ಮೊಣಕೈ ಸುಮಾರು 90 ಡಿಗ್ರಿ, ಪಾದ ನೆಲದ ಮೇಲೆ, ಪರದೆ ಒಂದು ತೋಳಿನಳತೆ ದೂರ.

ಕೆಲಸ ಮುಗಿಯುವುದು ಯಾವಾಗ

ಆಫೀಸಿನ ದಿನಕ್ಕೆ ಕೊನೆ ಎಂಬುದೊಂದಿದೆ. ಕುರ್ಚಿ ಒಳಗೆ ತಳ್ಳಿ, ಚೀಲ ಹೆಗಲಿಗೇರಿಸಿ ಹೊರಟರೆ ಮುಗಿಯಿತು. ಮನೆಯಲ್ಲಿ ಲ್ಯಾಪ್‌ಟಾಪ್ ಮುಚ್ಚಿದರೂ ಅದು ಅಲ್ಲೇ ಕಾಣುತ್ತಿರುತ್ತದೆ. ಒಂದೇ ಒಂದು ಮೇಲ್ ನೋಡಿಬಿಡುತ್ತೇನೆ ಎಂದು ತೆರೆದದ್ದು ರಾತ್ರಿ ಹತ್ತಾದರೂ ಮುಚ್ಚುವುದಿಲ್ಲ. ಪ್ರಯಾಣದಿಂದ ಉಳಿದ ಸಮಯ ನಿಮ್ಮದಾಗುತ್ತದೆ ಎಂದುಕೊಂಡಿರುತ್ತೀರಿ. ಎಚ್ಚರ ತಪ್ಪಿದರೆ ಅದು ಕೆಲಸಕ್ಕೇ ಸೇರುತ್ತದೆ.

ಇದು ಬರೀ ಬೇಸರದ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಾಗಿ ಕೊಟ್ಟ ಅಂದಾಜಿನಂತೆ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ 35% ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17% ಹೆಚ್ಚು. ಫ್ರಾನ್ಸ್ 2017ರಿಂದ, ಆಸ್ಟ್ರೇಲಿಯಾ 2024ರಿಂದ, ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಕಾನೂನಿನಲ್ಲೇ ಇಟ್ಟಿವೆ.

ನಿಮ್ಮ ಸ್ವಭಾವವನ್ನು ನೀವೇ ಪ್ರಾಮಾಣಿಕವಾಗಿ ನೋಡಿಕೊಳ್ಳಬೇಕಾದ ಜಾಗ ಇದು. ಮನೆಯಲ್ಲಿ ಕೂತರೆ ಸೋಮಾರಿಯಾಗುತ್ತೇನೆ ಎಂದು ಹೆದರುವವರು ಬಹಳ. ನಾನು ಕಂಡಂತೆ ಹೆಚ್ಚಿನವರು ಕೆಡುವುದು ಸೋಮಾರಿತನದಿಂದಲ್ಲ, ನಿಲ್ಲಿಸಲಾರದೆ. ನಿಲ್ಲಿಸುವುದು ಕಷ್ಟವೆನಿಸುವ ಸ್ವಭಾವದವರಿಗೆ ಆಫೀಸಿನ ಬಾಗಿಲು ಒಂದು ಕಾವಲು. ಮನೆಯನ್ನೇ ಆರಿಸಿದರೆ ಸಂಜೆ ಕೆಲಸ ಮುಗಿಸಿದ ಕೂಡಲೇ ಹೊರಗೆ ಹೋಗಿ ಇಪ್ಪತ್ತು ನಿಮಿಷ ನಡೆದು ಬನ್ನಿ. ಆಫೀಸಿನಿಂದ ಬರುವ ದಾರಿ ಮನಸ್ಸಿಗೆ ಮಾಡುತ್ತಿದ್ದ ಕೆಲಸವನ್ನು ಆ ನಡಿಗೆ ಮಾಡುತ್ತದೆ.

ಕಣ್ಣಿಗೆ ಬೀಳುವುದು

ಬಡ್ತಿಯ ವಿಷಯ. ಸಿಟ್ರಿಪ್ ಪ್ರಯೋಗದಲ್ಲಿ ಹೆಚ್ಚು ಜನ ಓದದೆ ಬಿಡುವ ಒಂದು ಸಾಲಿದೆ: ಅಷ್ಟೇ ಚೆನ್ನಾಗಿ ಕೆಲಸ ಮಾಡಿದವರನ್ನು ಹೋಲಿಸಿದರೆ, ಮನೆಯಲ್ಲಿದ್ದವರಿಗೆ ಬಡ್ತಿ ಸಿಕ್ಕಿದ್ದು ಕಡಿಮೆ. ಅನ್ಯಾಯವೇ, ಆದರೆ ನಿಜ. ಕಣ್ಣಿಗೆ ಬೀಳದವರು ನೆನಪಿಗೂ ಬರುವುದಿಲ್ಲ. ನಿಮ್ಮ ಮ್ಯಾನೇಜರ್ ದಿನವೂ ಆಫೀಸಿನಲ್ಲಿದ್ದು ನೀವೊಬ್ಬರೇ ಮನೆಯಲ್ಲಿದ್ದರೆ ಈ ಅಪಾಯ ದೊಡ್ಡದು. ಮ್ಯಾನೇಜರೂ ಸೇರಿ ಇಡೀ ತಂಡವೇ ದೂರದಿಂದ ಕೆಲಸ ಮಾಡುತ್ತಿದ್ದರೆ ಬಹಳ ಚಿಕ್ಕದು. ಆದ್ದರಿಂದ ಕಂಪನಿಯ ನಿಯಮಕ್ಕಿಂತ ನಿಮ್ಮ ಮ್ಯಾನೇಜರ್ ಎಲ್ಲಿ ಕೂರುತ್ತಾರೆ ಎಂಬುದನ್ನು ವಿಚಾರಿಸಿ.

ಮನೆಯಲ್ಲಿದ್ದರೆ ಬರವಣಿಗೆಯೇ ನಿಮ್ಮ ಮುಖ. ವಾರದ ಕೊನೆಗೆ ಐದು ಸಾಲು: ಏನು ಮುಗಿಯಿತು, ಏನು ನಿಂತಿದೆ, ಏಕೆ. ಹೊಗಳಿಕೆ ಬೇಡ, ವರದಿ ಸಾಕು. ಬರೆಯುವುದೆಂದರೆ ಬೆವರುವವರಿಗೆ, ಮಾತಿನಲ್ಲಿ ಮಾತ್ರ ಅರಳುವವರಿಗೆ ಮನೆಯಿಂದ ಮಾಡುವ ಕೆಲಸ ನಿಜಕ್ಕೂ ಕಷ್ಟ. ಮಾತಿಗಿಂತ ಬರಹ ಸಲೀಸಾದ ಸಂಕೋಚದವರಿಗೆ ಇದೇ ವರ. ಸಭೆಯಲ್ಲಿ ಬಾಯಿ ತೆರೆಯದ ಸಹೋದ್ಯೋಗಿಯೊಬ್ಬರು ಎಲ್ಲರೂ ಮನೆಯಿಂದ ಕೆಲಸ ಮಾಡತೊಡಗಿದ ಮೇಲೆ ತಮ್ಮ ಬರಹದಿಂದಲೇ ತಂಡದ ದಿಕ್ಕು ಬದಲಿಸಿದ್ದನ್ನು ನಾನು ಕಂಡಿದ್ದೇನೆ.

ಒಂಟಿತನ

ಮನೆಯಿಂದ ಕೆಲಸ ಮಾಡುತ್ತಿದ್ದ ಮೂರನೆಯ ವರ್ಷದಲ್ಲಿ ಒಂದು ದಿನ ನನಗೆ ಹೊಳೆಯಿತು: ಆ ವಾರ ಮನೆಯವರನ್ನು ಬಿಟ್ಟು ಬೇರೆ ಯಾರೊಂದಿಗೂ ಕೆಲಸದಾಚೆಯ ಒಂದು ಮಾತನ್ನೂ ಆಡಿರಲಿಲ್ಲ. ಕೆಲಸ ಚೆನ್ನಾಗಿಯೇ ನಡೆದಿತ್ತು. ವಿಡಿಯೋ ಕರೆಗಳಿದ್ದವು. ಆದರೆ ಕರೆ ಆರಂಭವಾದೊಡನೆ ವಿಷಯ, ವಿಷಯ ಮುಗಿದೊಡನೆ ಪರದೆ ಕಪ್ಪು. ಕ್ಯೂಬಿಕಲ್‌ನಲ್ಲಿದ್ದಾಗ ಗೋಡೆಯ ಮೇಲಿಂದ ಇಣುಕಿ ‘ಯಾಕೆ ಇವತ್ತು ಸಪ್ಪಗಿದ್ದೀರಿ’ ಎಂದು ಕೇಳುವವರಿದ್ದರು. ಆ ಪ್ರಶ್ನೆ ಕೇಳಲು ಯಾರೂ ಮೀಟಿಂಗ್ ಇಡುವುದಿಲ್ಲ.

ಒಬ್ಬರೇ ವಾಸಿಸುವವರು ಪೂರ್ತಿ ಮನೆಯಿಂದ ಮಾಡುವ ಕೆಲಸಕ್ಕೆ ಒಪ್ಪುವ ಮೊದಲು ಎರಡು ಸಲ ಯೋಚಿಸಲಿ ಎಂಬುದು ನನ್ನ ಕಳಕಳಿಯ ಮಾತು. ಗೆಳೆಯರು, ನೆಂಟರು, ಆಟ, ಸಂಗೀತ ಎಂದು ಹೊರಗೆ ತುಂಬಿದ ಬದುಕಿದ್ದರೆ ತೊಂದರೆಯಿಲ್ಲ. ಆಫೀಸೇ ನಿಮ್ಮ ಮುಖ್ಯ ಬಳಗವಾಗಿದ್ದರೆ ಮನೆಗೆ ಬರುವಾಗ ನೀವು ಬಿಟ್ಟು ಬರುವುದು ಮೇಜನ್ನು ಮಾತ್ರವಲ್ಲ. ಇನ್ನೊಂದು ಕಡೆಯೂ ಇದೆ. ಆಫೀಸಿನಲ್ಲಿ ಕಿರುಕುಳ, ಗುಂಪುಗಾರಿಕೆ, ಚುಚ್ಚುಮಾತು ಅನುಭವಿಸುತ್ತಿರುವವರಿಗೆ, ಓಡಾಟ ಕಷ್ಟವಾದ ದೇಹಸ್ಥಿತಿಯವರಿಗೆ, ಮನೆಯಿಂದ ಕೆಲಸ ಎಂಬುದು ಉದ್ಯೋಗದಲ್ಲಿ ಉಳಿಯುವ ದಾರಿಯೇ ಆಗಿರುತ್ತದೆ.

ಎರಡನ್ನೂ ಸೇರಿಸಿದರೆ

ಬ್ಲೂಮ್ ಮತ್ತು ಸಂಗಡಿಗರ ಇನ್ನೊಂದು ಅಧ್ಯಯನ ‘ನೇಚರ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ 2024ರಲ್ಲಿ ಬಂತು. ಸಿಟ್ರಿಪ್‌ನ ಈಗಿನ ರೂಪವಾದ ಟ್ರಿಪ್.ಕಾಮ್‌ನಲ್ಲಿ 1,612 ಜನರ ಮೇಲೆ ನಡೆದದ್ದು. ಈ ಸಲ ಕಾಲ್ ಸೆಂಟರ್ ಅಲ್ಲ, ಎಂಜಿನಿಯರಿಂಗ್, ಮಾರ್ಕೆಟಿಂಗ್, ಹಣಕಾಸಿನ ಪದವೀಧರರು. ವಾರಕ್ಕೆ ಎರಡು ದಿನ ಮನೆ, ಮೂರು ದಿನ ಆಫೀಸು. ಕೆಲಸದ ಮೌಲ್ಯಮಾಪನದಲ್ಲಿ, ಬಡ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ರಾಜೀನಾಮೆ ಮಾತ್ರ ಮೂರನೆಯ ಒಂದು ಭಾಗ ಕಡಿಮೆಯಾಯಿತು. ಇದರಿಂದ ಕೆಲಸ ಹಾಳಾಗುತ್ತದೆ ಎಂದು ಮೊದಲು ಭಾವಿಸಿದ್ದ ಮ್ಯಾನೇಜರ್‌ಗಳ ಅಭಿಪ್ರಾಯವೂ ಪ್ರಯೋಗ ಮುಗಿಯುವ ಹೊತ್ತಿಗೆ ಬದಲಾಗಿತ್ತು.

ಸಾಧ್ಯವಿದ್ದರೆ ಇದನ್ನೇ ಆರಿಸಿ ಎಂದು ಹೇಳುತ್ತೇನೆ, ಒಂದು ಷರತ್ತಿನೊಂದಿಗೆ. ನಿಮ್ಮ ತಂಡದವರೆಲ್ಲ ಒಂದೇ ದಿನಗಳಲ್ಲಿ ಆಫೀಸಿಗೆ ಬರಬೇಕು. ನೀವು ಮಂಗಳವಾರ, ಅವರು ಗುರುವಾರ ಬಂದರೆ ಅಷ್ಟು ದೂರ ಹೋಗಿ ಕ್ಯೂಬಿಕಲ್‌ನಲ್ಲಿ ಕೂತು, ಮನೆಯಲ್ಲಿರುವವರ ಜೊತೆ ವಿಡಿಯೋ ಕರೆಯಲ್ಲಿ ಮಾತಾಡುತ್ತೀರಿ. ಎರಡೂ ಕಡೆಯ ಕಷ್ಟ ನಿಮ್ಮದಾಗುತ್ತದೆ, ಸುಖ ಯಾವುದೂ ಅಲ್ಲ. ಆಫೀಸಿನ ದಿನಗಳನ್ನು ಮಾತಿಗೆ, ವಿನ್ಯಾಸದ ಚರ್ಚೆಗೆ, ಹೊಸಬರ ಜೊತೆ ಕೂರುವುದಕ್ಕೆ ಇಟ್ಟು, ಬರೆಯುವ, ಲೆಕ್ಕ ಹಾಕುವ, ಓದುವ ಕೆಲಸವನ್ನು ಮನೆಯ ದಿನಗಳಿಗೆ ಬಿಡಿ.

ಎರಡು ವಾರದ ಪುಸ್ತಕ

ಮೊದಲು ಕೇಳಿದ ಪ್ರಶ್ನೆಗೆ ಮರಳೋಣ. ಅದಕ್ಕೆ ಉತ್ತರ ನಿಮಗೆ ಗೊತ್ತಿದೆ ಎಂದು ಅನ್ನಿಸುತ್ತದೆ, ಆದರೆ ಬರೆದು ನೋಡಿದರೆ ಬೇರೆಯೇ ಇರಬಹುದು. ಈಗ ಎಲ್ಲಿ ಕೆಲಸ ಮಾಡುತ್ತಿದ್ದೀರೋ ಅಲ್ಲೇ ಎರಡು ವಾರ ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ. ಕೆಲಸ ನಿಂತಾಗಲೆಲ್ಲ ಒಂದು ಗೆರೆ: ಏಕೆ ನಿಂತಿತು, ಯಾವುದರಿಂದ ಮುಂದೆ ಹೋಯಿತು. ನನ್ನದು ಮಾತಿನ ಕೆಲಸ ಎಂದೇ ನಾನು ನಂಬಿದ್ದೆ. ಬರೆದು ನೋಡಿದಾಗ ಹತ್ತರಲ್ಲಿ ಏಳು ಸಲ ನನ್ನನ್ನು ಬಿಡಿಸಿದ್ದು ಅಡ್ಡಿಯಿಲ್ಲದ ಸಮಯ. ಅದೇ ತಂಡದ, ಗ್ರಾಹಕರ ಬೇಡಿಕೆ ನೋಡಿಕೊಳ್ಳುತ್ತಿದ್ದ ಗೆಳತಿಯ ಪುಸ್ತಕದಲ್ಲಿ ಬಹುತೇಕ ಎಲ್ಲ ಗೆರೆಯ ಮುಂದೆಯೂ ಒಬ್ಬರ ಹೆಸರಿತ್ತು. ಅವರು ಆಫೀಸಿಗೆ ಮರಳಿದರು, ನಾನು ವಾರಕ್ಕೆ ಮೂರು ದಿನ ಮನೆಯಲ್ಲಿ ಉಳಿದೆ.

ಆಯ್ಕೆ ಮಾಡಿದ ಮೇಲೂ ಅದನ್ನು ಕಲ್ಲಿನಲ್ಲಿ ಕೆತ್ತಬೇಡಿ. ಸಿಟ್ರಿಪ್ ಕಂಪನಿ ಒಂಬತ್ತು ತಿಂಗಳ ನಂತರ ಪ್ರಯೋಗದಲ್ಲಿದ್ದವರಿಗೆ ಮನೆಯೋ ಆಫೀಸೋ ಎಂದು ಮತ್ತೆ ಆರಿಸಿಕೊಳ್ಳಲು ಬಿಟ್ಟಾಗ ಅರ್ಧಕ್ಕಿಂತ ಹೆಚ್ಚು ಜನ ಜಾಗ ಬದಲಿಸಿದರು. ಮನೆಯಲ್ಲಿದ್ದ ಎಷ್ಟೋ ಜನ ಒಂಟಿತನ ತಾಳದೆ ಆಫೀಸಿಗೆ ಮರಳಿದರು. ಹಾಗೆ ಅನುಭವದ ಮೇಲೆ ಆರಿಸಿಕೊಂಡ ನಂತರ, ಮನೆಯಿಂದ ಮಾಡುವ ಕೆಲಸದ ಲಾಭ 13%ರಿಂದ 22%ಕ್ಕೆ ಏರಿತು. ಆದ್ದರಿಂದ ಹೊಸ ಕೆಲಸಕ್ಕೆ ಒಪ್ಪುವಾಗಲೋ, ಇರುವ ಕೆಲಸದಲ್ಲಿ ವ್ಯವಸ್ಥೆ ಬದಲಿಸಿಕೊಳ್ಳುವಾಗಲೋ, ಮೂರು ಅಥವಾ ಆರು ತಿಂಗಳ ನಂತರ ಮತ್ತೆ ಕೂತು ಮಾತಾಡುವ ಒಂದು ತಾರೀಖನ್ನು ಮ್ಯಾನೇಜರ್ ಹತ್ತಿರ ಮೇಲ್‌ನಲ್ಲಿ ಬರೆಸಿಕೊಳ್ಳಿ. ಆ ದಿನ ನಿಮ್ಮ ಪುಸ್ತಕವನ್ನೂ ಜೊತೆಗೆ ಒಯ್ಯಿರಿ.